ಹರಾಜಿನ ಮನೆಯೊಡನೆ ಬರುವ ಹಳೆಯ ಬಾಕಿಗಳು

ಹಿಂದಿನ ಕಾಲದಲ್ಲಿ ಸಾಲ ತೀರಿಸಲಾರದವನ ಮನೆ ಹೊಲಗಳು ಹರಾಜಿಗೆ ಬಂದರೆ, ತಮಟೆ ಬಾರಿಸಿ ಸಾರಿದ ದಿವಸ ಊರಿನವರೆಲ್ಲ ಆ ಮನೆಯ ಅಂಗಳದಲ್ಲಿಯೇ ನೆರೆಯುತ್ತಿದ್ದರು. ಅಮೀನನು ಒಂದು ಸಾರಿ, ಎರಡು ಸಾರಿ ಎಂದು ಕೂಗುವಷ್ಟರೊಳಗಾಗಿ, ಆ ಮನೆಯ ಮೇಲೆ ಯಾರ ಬಾಕಿ ಎಷ್ಟಿದೆ, ಹಿತ್ತಿಲ ಗೋಡೆಯನ್ನು ಕುರಿತ ದಾಯಾದಿಗಳ ವ್ಯಾಜ್ಯ ಯಾವ ಘಟ್ಟದಲ್ಲಿದೆ, ಒಳಗೆ ಬಾಡಿಗೆಗಿರುವವನು ಸುಲಭವಾಗಿ ಏಳುವವನೋ ಅಲ್ಲವೋ ಎಂಬ ಸಮಸ್ತ ವೃತ್ತಾಂತವೂ ಸವಾಲು ಕೂಗುವವನ ಕಿವಿಗೆ ತಾನಾಗಿಯೇ ಬಿದ್ದಿರುತ್ತಿತ್ತು. ಈಗ ಬ್ಯಾಂಕುಗಳು 2002ರ ಸರ್ಫೇಸಿ ಕಾಯಿದೆಯ ಮೇರೆಗೆ ಸುಸ್ತಿದಾರರ ಆಸ್ತಿಗಳನ್ನು ವಶಪಡಿಸಿಕೊಂಡು, ಬಹುಮಟ್ಟಿಗೆ ಅಂತರ್ಜಾಲದ ಮೂಲಕವೇ ವಿಕ್ರಯಿಸುತ್ತಿವೆ. ಬೆಂಗಳೂರಿನಲ್ಲಿ ಕುಳಿತವನು ಹುಬ್ಬಳ್ಳಿಯ ಗೋದಾಮಿಗೆ ಮೊಬೈಲಿನಲ್ಲಿಯೇ ಸವಾಲು ಹಾಕಬಹುದಾಗಿದೆ. ಈ ಸೌಕರ್ಯ ಸಾಮಾನ್ಯವಾದುದಲ್ಲ. ಆದರೆ ಅಂಗಳದಲ್ಲಿ ನೆರೆಯುತ್ತಿದ್ದ ಜನರ ಬಾಯಿಂದ ಬಿಟ್ಟಿಯಾಗಿ ದೊರೆಯುತ್ತಿದ್ದ ತಿಳಿವಳಿಕೆಯನ್ನು ಇಂದಿನ ಖರೀದಿದಾರನು ಸ್ವಪ್ರಯತ್ನದಿಂದಲೇ ಸಂಪಾದಿಸಬೇಕು. ಸಂಪಾದಿಸದಿದ್ದರೆ ಅದರ ಫಲವನ್ನು ಉಣ್ಣತಕ್ಕವನು ಅವನೇ ಎಂಬುದು ಈಗ ಕಾನೂನಿನ ಸ್ಪಷ್ಟ ನಿಲುವು.

ಮೊದಲನೆಯ ಹೊಣೆ ಹಣದ್ದು. ಸವಾಲು ಗೆದ್ದವನು ಅಂದೇ, ಇಲ್ಲವೇ ತಪ್ಪಿದರೆ ಮರುದಿನದ ಕೆಲಸದ ವೇಳೆಯೊಳಗೆ, ಮುಂಗಡ ಠೇವಣಿಯೂ ಸೇರಿದಂತೆ ಬೆಲೆಯ ಶೇಕಡಾ 25ನ್ನು ಕಟ್ಟಬೇಕು. ಮಾರಾಟವು ಸ್ಥಿರಪಟ್ಟ ಹದಿನೈದನೆಯ ದಿನದೊಳಗಾಗಿ ಉಳಿದುದನ್ನು ಸಲ್ಲಿಸಬೇಕು. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಈ ಗಡುವು ಬೆಳೆಯಬಹುದಾದರೂ, ಮೂರು ತಿಂಗಳ ಎಲ್ಲೆಯನ್ನು ಅದು ಮೀರಲಾರದು. ಮನೆಸಾಲ ಮಂಜೂರಾಗುವುದೆಂಬ ಭರವಸೆಯಿಂದ ಸವಾಲು ಹಾಕಿದವನ ಸಾಲ ಮಂಜೂರಾಗದೆ ಹೋದರೆ, ಕಟ್ಟಿದ ಕಾಲುಭಾಗವು ಮುಟ್ಟುಗೋಲಾಗುತ್ತದೆ. ಒಬ್ಬ ಖರೀದಿದಾರನು 12 ಕೋಟಿ 27 ಲಕ್ಷ ರೂಪಾಯಿಗೆ ಸವಾಲು ಕೂಗಿ, 3 ಕೋಟಿ 6 ಲಕ್ಷ 75 ಸಾವಿರವನ್ನು ಕಟ್ಟಿ, ಶೇಷವನ್ನು ಒದಗಿಸಲಾರದೆ ಹೋದ ಪ್ರಕರಣದಲ್ಲಿ, ಬ್ಯಾಂಕು ಅದೇ ಆಸ್ತಿಯನ್ನು ಮರುಹರಾಜಿನಲ್ಲಿ ಇನ್ನೂ ಹೆಚ್ಚಿನ ಬೆಲೆಗೆ ಮಾರಿತ್ತು. ನಷ್ಟವೇ ಆಗದ ಮೇಲೆ ಇಷ್ಟು ಹಣವನ್ನು ನುಂಗುವುದು ನ್ಯಾಯವೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಕೆಳಗಿನ ನ್ಯಾಯಪೀಠಗಳು ಮುಟ್ಟುಗೋಲನ್ನು ಅಲ್ಪಾಂಶಕ್ಕೆ ಮಿತಿಗೊಳಿಸಿದ್ದುವು. ಆದರೆ 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಇದು ಒಪ್ಪಂದಭಂಗದ ಪರಿಹಾರವಲ್ಲ, ನಿಯಮವೇ ವಿಧಿಸಿದ ಪರಿಣಾಮ ಎಂದು ನಿರ್ಣಯಿಸಿ, ಇಡೀ ಕಾಲುಭಾಗದ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಹುಸಿ ಸವಾಲುಗಳಿಂದ ಹರಾಜನ್ನು ಕೆಡಿಸುವವರನ್ನು ತಡೆಯಲು ಇಂಥ ಕಾಠಿಣ್ಯ ಬೇಕೆಂಬ ವಾದವನ್ನು ಒಪ್ಪಬಹುದು. ಹುಸಿ ಸವಾಲುಗಾರನಿಗೂ ನಿಜವಾಗಿ ಮುಗ್ಗರಿಸಿದವನಿಗೂ ಒಂದೇ ದಂಡವಾಯಿತೆಂಬ ಅಸಮಾಧಾನವಂತೂ ಉಳಿಯುತ್ತದೆ.

ಇದಕ್ಕಿಂತ ಅನಿರೀಕ್ಷಿತವಾದುದು ಹಳೆಯ ಬಾಕಿಗಳ ಹೊಣೆ. ಸಾಮಾನ್ಯ ಕ್ರಯದಲ್ಲಿ, ಬೇರೆ ಕರಾರಿಲ್ಲದಿದ್ದರೆ, ಮಾರಾಟದ ದಿನದವರೆಗಿನ ಸಾರ್ವಜನಿಕ ತೆರಿಗೆಗಳನ್ನು ತೀರಿಸುವ ಭಾರ ಮಾರುವವನದೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯೇ ಹೇಳುತ್ತದೆ. ಹರಾಜಿನ ಪ್ರಕಟಣೆಯಾದರೋ, ಆಸ್ತಿಯನ್ನು ಇರುವಲ್ಲಿಯೇ, ಇರುವಂತೆಯೇ, ಇರುವುದೆಲ್ಲದರೊಡನೆಯೇ ಮಾರಲಾಗುವುದೆಂಬ ಷರತ್ತಿನಿಂದ ಈ ಕ್ರಮವನ್ನು ತಲೆಕೆಳಗು ಮಾಡಿಬಿಡುತ್ತದೆ. ವಿದ್ಯುತ್ ಬಾಕಿಯ ವಿಷಯವನ್ನೇ ನೋಡಿ. ಕಾರ್ಖಾನೆಯ ಹಳೆಯ ಮಾಲಿಕನು ಲಕ್ಷಾಂತರ ರೂಪಾಯಿ ಬಿಲ್ಲು ಕಟ್ಟದೆ ಸಂಪರ್ಕ ಕಳೆದುಕೊಂಡಿರುತ್ತಾನೆ. ಹರಾಜಿನಲ್ಲಿ ಅದನ್ನು ಕೊಂಡವನು ಹೊಸ ಸಂಪರ್ಕಕ್ಕೆ ಅರ್ಜಿ ಹಾಕಿದಾಗ, ಮೊದಲು ಹಳೆಯ ಬಾಕಿ ಸಲ್ಲಿಸಿ ಎಂಬ ಉತ್ತರ ಬರುತ್ತದೆ. ತಾನೆಂದೂ ಉರಿಸದ ದೀಪಕ್ಕೆ ತಾನೇಕೆ ಹಣ ತೆರಬೇಕೆಂಬ ತಕರಾರು ಕೇರಳ ವಿದ್ಯುತ್ ಮಂಡಳಿಯ ವಿರುದ್ಧದ ವ್ಯಾಜ್ಯದ ಜೊತೆಗೆ ಇಂಥ ಅನೇಕ ಮೇಲ್ಮನವಿಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. 2023ರ ಮೇ ತಿಂಗಳ ತೀರ್ಪು ಸೂಕ್ಷ್ಮವಾದುದು: ಹಿಂದಿನವನ ಬಾಕಿಯು ಸಾಮಾನ್ಯ ನಿಯಮದಂತೆ ಹೊಸಬನಿಗೆ ತಾನಾಗಿಯೇ ಅಂಟಿಕೊಳ್ಳುವುದಿಲ್ಲ, ಆದರೆ ಸರಬರಾಜಿನ ಷರತ್ತುಗಳೋ ನಿಯಮಾವಳಿಗಳೋ ಹಾಗೆ ವಿಧಿಸಿದ್ದರೆ, ಬಾಕಿ ತೀರುವವರೆಗೂ ಸಂಪರ್ಕವನ್ನು ನಿರಾಕರಿಸಬಹುದು, ಇರುವಂತೆಯೇ ಕೊಳ್ಳುವವನು ಮೊದಲೇ ವಿಚಾರಿಸಿಕೊಳ್ಳಬೇಕಾದವನು. ವಿಚಾರಣೆಯೇ ಒಂದು ಋಣವಾಗಿ ಕೊಳ್ಳುವವನ ಹೆಗಲೇರಿತು.

ಇಲ್ಲಿ ಬ್ಯಾಂಕುಗಳನ್ನು ಕುರಿತು ಒಂದು ಮಾತು ಹೇಳದಿರಲಾಗದು. ತನಗೆ ತಿಳಿದ ಋಣಭಾರಗಳನ್ನು ಮಾರಾಟದ ಪ್ರಕಟಣೆಯಲ್ಲಿ ವಿವರಿಸಬೇಕೆಂದು ನಿಯಮವಿದೆ. ಎಷ್ಟೋ ಪ್ರಕಟಣೆಗಳಲ್ಲಿ ಆ ಅಂಕಣದೆದುರು ಕಾಣುವುದು 'ತಿಳಿದಿಲ್ಲ' ಎಂಬ ಒಂದೇ ಮಾತು. ವರ್ಷಗಟ್ಟಲೆ ಕಡತವನ್ನು ಇಟ್ಟುಕೊಂಡಿದ್ದ ಸಂಸ್ಥೆಗೆ ತಿಳಿಯದಿರುವುದೆಂದರೆ, ಬಹುಶಃ, ತಿಳಿಯಲು ಅದು ಹೋಗಿಲ್ಲವೆಂದೇ ಅರ್ಥ.

ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರವನ್ನು ತೆಗೆಸಿದವನು ನಿಶ್ಚಿಂತನಾಗುವುದು ಸ್ವಾಭಾವಿಕವಾದರೂ, ಆ ಪತ್ರವು ತೋರಿಸುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ಪಾಲಿಕೆಯ ಆಸ್ತಿ ತೆರಿಗೆಯೂ ನೀರಿನ ಕರವೂ ಅಪಾರ್ಟ್‌ಮೆಂಟ್ ಸಂಘದ ನಿರ್ವಹಣಾ ಶುಲ್ಕವೂ ಅದರಲ್ಲಿ ಕಾಣಸಿಗವು. ಅವುಗಳಿಗಾಗಿ ಪ್ರತ್ಯೇಕವಾಗಿ ಆಯಾ ಕಚೇರಿಗಳ ಮೆಟ್ಟಿಲು ಹತ್ತಬೇಕು. ಬೆಲೆಯು 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಶೇಕಡಾ 1ನ್ನು ಆದಾಯ ತೆರಿಗೆಯಾಗಿ ಕಳೆದು ಸರ್ಕಾರಕ್ಕೆ ಕಟ್ಟುವ ಕೆಲಸವೂ ಕೊಂಡವನದೇ. ಮರೆತರೆ ಬಡ್ಡಿಯೂ ದಂಡವೂ ಅವನ ಹೆಸರಿಗೇ ಬರುತ್ತವೆ.

ಉಳಿದದ್ದು ಸ್ವಾಧೀನದ ಮಾತು. ಪ್ರಕಟಣೆಯಲ್ಲಿ 'ಸಾಂಕೇತಿಕ ಸ್ವಾಧೀನ' ಎಂದಿದ್ದರೆ, ಬ್ಯಾಂಕು ಬಾಗಿಲಿಗೆ ನೋಟೀಸು ಅಂಟಿಸಿದೆಯೇ ಹೊರತು ಒಳಗಿನವರು ಎದ್ದುಹೋಗಿದ್ದಾರೆಂದು ತಿಳಿಯಬಾರದು. ಅವರನ್ನು ಏಳಿಸಲು ಬ್ಯಾಂಕು ಜಿಲ್ಲಾಧಿಕಾರಿಗಳ ಅಥವಾ ಮ್ಯಾಜಿಸ್ಟ್ರೇಟರ ನೆರವನ್ನು ಬೇಡಬೇಕಾಗುತ್ತದೆ. ಅಷ್ಟರಲ್ಲಿ ಸಾಲಗಾರನು ಬ್ಯಾಂಕಿನ ಕ್ರಮವನ್ನು ಪ್ರಶ್ನಿಸಿ ಸಾಲ ವಸೂಲಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿದನೆಂದರೆ, ಪೂರ್ಣ ಬೆಲೆಯನ್ನು ತೆತ್ತಾಗಿರುವ ಖರೀದಿದಾರನು, ತಾನು ಯಾವ ಸಾಲವನ್ನೂ ಕೊಟ್ಟವನಲ್ಲದಿದ್ದರೂ, ಪಡೆದವನಲ್ಲದಿದ್ದರೂ, ಬ್ಯಾಂಕಿನ ಪಕ್ಕದಲ್ಲಿ ಪ್ರತಿವಾದಿಯಾಗಿ ನಿಲ್ಲಬೇಕಾಗುವುದು ಅಪರೂಪವೇನಲ್ಲ. ಆಸ್ತಿಯನ್ನು ಕಣ್ಣಾರೆ ನೋಡಲು ಗೊತ್ತುಪಡಿಸಿದ ದಿನಾಂಕ ಬಹುತೇಕ ಪ್ರಕಟಣೆಗಳಲ್ಲಿ ಅಚ್ಚಾಗಿಯೇ ಇರುತ್ತದೆ. ಆ ದಿನ ಅಲ್ಲಿಗೆ ಹೋಗಿ, ಬಾಗಿಲು ತೆರೆಯುವವರು ಯಾರೆಂದು ನೋಡಿ, ಪಕ್ಕದ ಮನೆಯವರೊಡನೆ ನಾಲ್ಕು ಮಾತಾಡಿ, ಮೀಟರಿನ ಸಂಖ್ಯೆಯನ್ನು ಬರೆದುಕೊಂಡು ವಿದ್ಯುತ್ ಕಚೇರಿಯಲ್ಲಿ ವಿಚಾರಿಸುವುದಕ್ಕೆ ಒಂದು ದಿನ ಸಾಕು.