ಗೋಡೆಗೆ ನೆರಳು ಬಂದ ಬಗೆ

ಸಿದ್ದಾಪುರ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆ ಬರೆಯುವ ಹಸೆ ಚಿತ್ತಾರದಲ್ಲಿ ನೆರಳೆಂಬುದೇ ಇಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸೀಯುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ, ಪುಂಡಿ ನಾರಿನ ಕುಂಚ. ಎಳೆ ಎಷ್ಟು ಸಣ್ಣ, ಎಷ್ಟು ನೇರ ಎನ್ನುವುದರ ಮೇಲೆಯೇ ಚಿತ್ತಾರಗಿತ್ತಿಯ ಹೆಸರು ನಿಂತಿರುತ್ತದೆ. ಗೋಡೆಯನ್ನು ಸಪಾಟಾಗಿಯೇ ಉಳಿಸಿಕೊಂಡು ತುಂಬುವ ಕಲೆ ಇದು. ಅದನ್ನು ಕೊರತೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ.

ಕತ್ತಲು ಬೆಳಕಿನ ಆಟ ಶುರುವಾಗುವುದು ಕಾವಿ ಕಲೆಯಲ್ಲಿ. ಗೋವಾದಿಂದ ನಮ್ಮ ಕರಾವಳಿಯವರೆಗೆ ಗುಡಿಗಳಲ್ಲಿ ಹಬ್ಬಿದ ಈ ಕಲೆಗೆ ಘಟ್ಟದ ಮೇಲೆ ಹೆಸರಾದದ್ದು 1688ರಲ್ಲಿ ಕಟ್ಟಿದ ಶಿರಸಿಯ ಮಾರಿಕಾಂಬಾ ದೇವಸ್ಥಾನ. ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಕೊಳೆಹಾಕಿ, ಕುಟ್ಟಿ ಹದ ಮಾಡಿದ ಬಿಳಿ ಗಾರೆ ಮೊದಲು. ಅದರ ಮೇಲೆ ಕಾವಿ ಮಣ್ಣಿನ ತೆಳು ಪದರ. ಪದರ ಹಸಿಯಿರುವಾಗಲೇ ಕಂಟವೆಂಬ ಮೊನಚು ಸಲಕರಣೆಯಿಂದ ಕೆರೆದರೆ ಒಳಗಿನ ಬಿಳಿ ಹೊರಗೆ ಬರುತ್ತದೆ. ಕಾಗದದ ಮೇಲೆ ನಾವು ಬಿಳಿಗೆ ಕಪ್ಪು ಸೇರಿಸುತ್ತೇವೆ. ಇಲ್ಲಿ ಕತ್ತಲನ್ನು ತೆಗೆದು ಬೆಳಕು ಮಾಡಬೇಕು. ಬಣ್ಣ ಎರಡೇ. ಆದರೆ ಗೀರುಗಳನ್ನು ಒತ್ತೊತ್ತಾಗಿ ಎಳೆದರೆ ದೂರದ ಕಣ್ಣಿಗೆ ಕೆಂಪೂ ಅಲ್ಲದ, ಬಿಳಿಯೂ ಅಲ್ಲದ ನಡುವಿನ ಛಾಯೆ ಕಾಣುತ್ತದೆ. ಕೆರೆದದ್ದನ್ನು ಮತ್ತೆ ಮುಚ್ಚುವಂತಿಲ್ಲ, ಗಾರೆ ಒಣಗಿದರೆ ಕಂಟ ಓಡುವುದೂ ಇಲ್ಲ. ಇಟಲಿಯ ಸ್ಗ್ರಾಫಿಟೊ ಎಂಬ ಗೋಡೆ ಕೆಲಸದ ವರಸೆಯೂ ಹೆಚ್ಚುಕಡಿಮೆ ಇದೇ.

ಮರ ಕೆತ್ತುವ ಗುಡಿಗಾರರಿಗೆ ಈ ಉಪಾಯವೂ ಬೇಕಿಲ್ಲ. ಗಂಧದ ಮರದಲ್ಲಿ ಎಲೆಯ ಅಂಚಿನಡಿ ಉಳಿ ಆಳಕ್ಕಿಳಿದರೆ ನೆರಳು ತಾನೇ ಬಂದು ಕೂರುತ್ತದೆ, ದೀಪ ಸರಿದರೆ ಅದೂ ಸರಿಯುತ್ತದೆ.

ಕೆನ್ನೆ ಉಬ್ಬಿದಂತೆ, ಸೀರೆ ಮಡಿಕೆ ಬಿದ್ದಂತೆ ತೋರುವ ದೇವರು ಮಾತ್ರ ಮುಂಬಯಿಯಿಂದ ಬಂದದ್ದು. 1862ರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆ ಬಾಂಬೆ ಪ್ರಾಂತ್ಯದಲ್ಲಿತ್ತು. 1894ರಲ್ಲಿ ಅಲ್ಲಿ ತೆರೆದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿಯರು ಕಟ್ಟು ಹಾಕಿಸಿಕೊಂಡು ಜಗಲಿಯ ಗೋಡೆ ಏರಿದರು. ಆಮೇಲಿನದು ಶಾಲೆಯ ಡ್ರಾಯಿಂಗ್ ಕ್ಲಾಸಿನ ಪಾಲು.

ಅಲ್ಲಿಯ ಮಡಕೆಯ ಪಾಠ ನನಗೆ ಇಂದಿಗೂ ಇಷ್ಟ. ಕಿಟಕಿಯ ಕಡೆ ಕಾಗದವನ್ನು ಹಾಗೇ ಬಿಡುವುದು, ನಡುವೆ ಮೆಲ್ಲಗೆ ಪೆನ್ಸಿಲ್ ಆಡಿಸುವುದು, ಆಚೆ ಬದಿಗೆ ದಟ್ಟ ಮಾಡುವುದು. ಎಲ್ಲರೂ ಎಡವುವುದು ಕೊನೆಯ ಅಂಚಿನಲ್ಲಿ. ಮೇಜಿಗೆ ಬಡಿದ ಬೆಳಕು ಹಿಂದಿರುಗಿ ಕತ್ತಲ ಬದಿಯ ತುದಿಯನ್ನು ತುಸು ಬೆಳಗಿಸಿರುತ್ತದೆ. ಆ ತೆಳು ಪಟ್ಟಿಯನ್ನು ಬಿಡದೆ ಅಂಚಿನವರೆಗೂ ಕಪ್ಪು ಮೆತ್ತಿದರೆ ಮಡಕೆ ಅಲ್ಲಿಗೇ ಚಪ್ಪಟೆ.