ಒಂದು ಅಕ್ಷರದ ಅಂತರ

ಸುರತ್ಕಲ್ಲಿನ ಹಳೆಯ ಮನೆಯೊಂದರ ಮಾಡಿನಿಂದ ಹೆಂಚೊಂದನ್ನು ಇಳಿಸಿ ಮಗುಚಿ ನೋಡಿದರೆ, ಅದನ್ನು ತಯಾರಿಸಿದ ಕಾರ್ಖಾನೆಯ ಹೆಸರೋ ಚಿಹ್ನೆಯೋ ಅಲ್ಲಿ ಅಚ್ಚೊತ್ತಿರುವುದು ಕಾಣುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಮುಂದೆ ಇತರರೂ ಅದೇ ಬಗೆಯ ಹೆಂಚುಗಳನ್ನು ಸುಡತೊಡಗಿದರು. ಒಬ್ಬರ ಮಾಲನ್ನು ಇನ್ನೊಬ್ಬರ ಮಾಲಿನಿಂದ ಬೇರ್ಪಡಿಸಿ ತೋರಿಸುವುದೇ ಆ ಅಚ್ಚಿನ ಕೆಲಸ. ಇಂಥ ಗುರುತನ್ನು ವ್ಯಾಪಾರ ಚಿಹ್ನೆ, ಎಂದರೆ ಟ್ರೇಡ್‌ಮಾರ್ಕ್, ಎನ್ನುತ್ತೇವೆ. ಈ ಗುರುತು ಹೆಂಚನ್ನು ಬಿಟ್ಟು ಅಂತರಜಾಲವನ್ನು ಏರಿದಾಗ ಏನಾಯಿತೆಂಬುದನ್ನು ನೋಡೋಣ.

ಅಂತರಜಾಲದಲ್ಲಿ ಒಂದು ಗಣಕವು ಇನ್ನೊಂದನ್ನು ಗುರುತಿಸುವುದು ಸಂಖ್ಯೆಯಿಂದ. ಮನುಷ್ಯರಿಗಾದರೋ ಸಂಖ್ಯೆಗಿಂತ ಹೆಸರನ್ನು ನೆನಪಿಡುವುದು ಸುಲಭ. ಆದುದರಿಂದ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ಅಮೆರಿಕದ ಗಣಕ ವಿಜ್ಞಾನಿಯು ಹೆಸರುಗಳಿಗೆ ಸಂಖ್ಯೆಗಳನ್ನು ಹೊಂದಿಸುವ ಏರ್ಪಾಡೊಂದನ್ನು ರೂಪಿಸಿದರು. ಆ ಹೆಸರೇ ಡೊಮೇನ್ ಹೆಸರು. ನಾವು ಅದನ್ನು ಟೈಪು ಮಾಡಿದೊಡನೆ, ಜಗತ್ತಿನಾದ್ಯಂತ ಹಂಚಿಹೋಗಿರುವ ನಾಮಕೋಶದಿಂದ ತಕ್ಕ ಸಂಖ್ಯೆಯನ್ನು ಗಣಕವು ಹುಡುಕಿ ತರುತ್ತದೆ.

ವ್ಯಾಪಾರ ಚಿಹ್ನೆಗೂ ಡೊಮೇನ್ ಹೆಸರಿಗೂ ಎರಡು ಮುಖ್ಯ ಭೇದಗಳುಂಟು. ಮೊದಲನೆಯದು, ಅವುಗಳ ಹರವು. ಒಬ್ಬನು ‘ಚಂದ್ರ’ ಕೊಡೆಯನ್ನೂ ಬೇರೊಬ್ಬನು ‘ಚಂದ್ರ’ ಹೆಂಚನ್ನೂ ಮಾರಿದರೆ ಸಾಮಾನ್ಯವಾಗಿ ಯಾರಿಗೂ ಬಾಧೆಯಿಲ್ಲ. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿ ಚಿಹ್ನೆಗಳನ್ನು ನೋಂದಾಯಿಸಲಾಗುತ್ತದೆ. ಆ ನೋಂದಣಿಯ ಬಲವೂ ಆಯಾ ದೇಶದ ಗಡಿಯೊಳಗೆ ಮಾತ್ರ. ಆದರೆ ‘ಚಂದ್ರ ಡಾಟ್ ಕಾಮ್’ ಭೂಮಂಡಲಕ್ಕೆಲ್ಲ ಒಂದೇ. ಮೊದಲು ಕೇಳಿದವನಿಗೆ ಅದು ದಕ್ಕುತ್ತದೆ. ಎರಡನೆಯ ಭೇದ ಇನ್ನೂ ಸೂಕ್ಷ್ಮವಾದುದು. ಒಂದೇ ಒಂದು ಅಕ್ಷರ ವ್ಯತ್ಯಾಸವಾದರೂ ಯಂತ್ರಕ್ಕೆ ಅದು ಬೇರೆಯೇ ಹೆಸರು. ಬರಿಗಣ್ಣಿಗೆ ಒಂದಾಗಿ ಕಾಣುವ ಜೋಡಿ ನಕ್ಷತ್ರವನ್ನು ದೂರದರ್ಶಕವು ಎರಡಾಗಿ ತೋರಿಸುವುದಿಲ್ಲವೆ? ಹಾಗೆಯೇ ಇದು.

ಈ ಭೇದವೇ ಬೆಂಗಳೂರಿನ ನ್ಯಾಯಾಲಯದಲ್ಲಿ ವ್ಯಾಜ್ಯವಾಗಿ ನಿಂತಿತು. ಸತ್ಯಂ ಇನ್ಫೋವೇ ಎಂಬ ಕಂಪೆನಿಯು ತನ್ನ ಹೆಸರಿನ ತುಣುಕುಗಳಿಂದ ‘ಸಿಫಿ’ ಎಂಬ ಹೊಸ ಪದವನ್ನು ಕಟ್ಟಿ, 1999ರಲ್ಲಿ ‘ಸಿಫಿನೆಟ್’ ಮೊದಲಾದ ಡೊಮೇನ್ ಹೆಸರುಗಳನ್ನು ಪಡೆದಿತ್ತು. 2001ರಲ್ಲಿ ಬೇರೊಂದು ಸಂಸ್ಥೆಯು ‘ಸಿಫ್ಫಿನೆಟ್’ ಎಂಬ ಹೆಸರನ್ನು ನೋಂದಾಯಿಸಿತು. ಇಂಗ್ಲಿಷಿನ ‘ಎಫ್’ ಅಕ್ಷರ ಒಂದರ ಬದಲು ಎರಡು, ಭೇದ ಅಷ್ಟೆ. ನಗರ ಸಿವಿಲ್ ನ್ಯಾಯಾಲಯವು ಹೊಸ ಹೆಸರಿನ ಬಳಕೆಗೆ ತಾತ್ಕಾಲಿಕ ತಡೆಯನ್ನು ವಿಧಿಸಿತು. ಇಬ್ಬರ ವ್ಯವಹಾರಗಳೂ ಬೇರೆ ಬೇರೆಯೆಂದು ಎಣಿಸಿ ಕರ್ನಾಟಕ ಹೈಕೋರ್ಟು ಆ ತಡೆಯನ್ನು ತೆಗೆದುಹಾಕಿತು. 2004ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಮರಳಿ ಜಾರಿಗೆ ತಂದಿತು.

ಡೊಮೇನ್ ಹೆಸರುಗಳಿಗೆಂದೇ ಭಾರತದಲ್ಲಿ ಪ್ರತ್ಯೇಕ ಶಾಸನವಿರಲಿಲ್ಲ. ಆದರೂ ಒಬ್ಬನು ತನ್ನ ಸರಕನ್ನು ಇನ್ನೊಬ್ಬನದೆಂಬಂತೆ ತೋರಿಸಿ ಮಾರಬಾರದೆಂಬ ಹಳೆಯ ನ್ಯಾಯತತ್ತ್ವವು ಈ ಹೆಸರುಗಳಿಗೂ ಸಲ್ಲುತ್ತದೆಂದು ನ್ಯಾಯಾಲಯವು ಸಾರಿತು. ಅದು ಹಿಡಿದ ಅಳತೆಗೋಲು ಗಣಕದ್ದಲ್ಲ. ಸಾಧಾರಣ ಬುದ್ಧಿಯ, ಅಪೂರ್ಣ ನೆನಪಿನ ಬಳಕೆದಾರನದು. ಅಂಥವನು ಒಂದು ತಾಣವನ್ನು ಹುಡುಕಹೊರಟು ಇನ್ನೊಂದನ್ನು ಹೊಕ್ಕಾನೇ ಎಂಬುದು ಪ್ರಶ್ನೆ.

ಹಾಗೆಂದು ಚಿಹ್ನೆಯ ಒಡೆಯನು ಆ ಪದಕ್ಕೇ ಒಡೆಯನಾಗಲಾರ. ಡೊಮೇನ್ ವಿವಾದಗಳಿಗಾಗಿ 1999ರಲ್ಲಿ ಅಂತರರಾಷ್ಟ್ರೀಯ ನಿಯಮಾವಳಿಯೊಂದು ರೂಪುಗೊಂಡಿತು. ಅದರಂತೆ ದೂರು ಕೊಡುವವನು ಮೂರು ಸಂಗತಿಗಳನ್ನು ಸಿದ್ಧಪಡಿಸಬೇಕು: ಹೆಸರುಗಳು ಒಂದೇ ಆಗಿವೆ ಅಥವಾ ಭ್ರಮೆ ಹುಟ್ಟಿಸುವಷ್ಟು ಹೋಲುತ್ತವೆ, ನೋಂದಾಯಿಸಿದವನಿಗೆ ಆ ಹೆಸರಿನಲ್ಲಿ ನ್ಯಾಯವಾದ ಹಕ್ಕಿಲ್ಲ, ಅವನ ಉದ್ದೇಶ ಪ್ರಾಮಾಣಿಕವಲ್ಲ. ತನ್ನದೇ ಹೆಸರಿನಿಂದ ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವನಿಗೆ ಇದರಿಂದ ರಕ್ಷಣೆಯುಂಟು.

ಕನ್ನಡ ಲಿಪಿಯಲ್ಲಿಯೂ ಡೊಮೇನ್ ಹೆಸರುಗಳನ್ನು ಬರೆಯಬಹುದಾದುದರಿಂದ ಸಮಸ್ಯೆ ನಮ್ಮ ಮನೆಬಾಗಿಲಿಗೇ ಬಂದಿದೆ. ಕನ್ನಡದ ‘ರ’ವೂ ತೆಲುಗಿನ ‘ರ’ವೂ ನೋಡಲು ಒಂದೇ. ಯುನಿಕೋಡ್ ಪಟ್ಟಿಯಲ್ಲಾದರೋ ಮೊದಲನೆಯದು 3248, ಎರಡನೆಯದು 3120. ಕಣ್ಣಿಗೆ ಅಂತರವೇ ಇಲ್ಲ, ಯಂತ್ರಕ್ಕೆ ಪೂರ್ಣ ಅಂತರ! ಈ ಕಾರಣದಿಂದಲೇ ಒಂದು ಹೆಸರಿನಲ್ಲಿ ಎರಡು ಲಿಪಿಗಳನ್ನು ಬೆರೆಸದಂತೆ ನೋಂದಣಿಯ ನಿಯಮಗಳು ಎಚ್ಚರ ವಹಿಸುತ್ತವೆ.

ಹೋಲುವ ಹೆಸರುಗಳಿಂದ ಹಣ ಕಳೆದುಕೊಳ್ಳುವವರು ಜನಸಾಮಾನ್ಯರು. ಭಾರತೀಯ ರಿಸರ್ವ್ ಬ್ಯಾಂಕು 2025ರಲ್ಲಿ, ಆ ವರ್ಷದ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ವಲಯಕ್ಕೆ ಸಾಗಬೇಕೆಂದು ಬ್ಯಾಂಕುಗಳಿಗೆ ಆಜ್ಞಾಪಿಸಿತು. ಅಲ್ಲಿ ಮೊದಲು ಕೇಳಿದವನಿಗೆಲ್ಲ ಹೆಸರು ದೊರೆಯದು. ಕೇಳಿದವನು ಬ್ಯಾಂಕೇ ಆಗಿರಬೇಕು. ಆದುದರಿಂದ ಬ್ಯಾಂಕಿನದೆಂದು ಹೇಳಿಕೊಂಡು ಬಂದ ಕೊಂಡಿಯನ್ನು ಒತ್ತುವ ಬದಲು, ವಿಳಾಸವನ್ನು ನಾವೇ ಟೈಪು ಮಾಡಿ, ಅದರ ಕೊನೆಯ ಭಾಗವನ್ನು ಅಕ್ಷರ ಅಕ್ಷರವಾಗಿ ಓದಿಕೊಳ್ಳುವುದು ಲೇಸು.