ಮಾತ್ರೆ ತಂದ ಕಾಯಿಲೆಗೆ ಇನ್ನೊಂದು ಮಾತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲಿ ಕಾಯಿ ಸುಲಿದು, ಕೊಬ್ಬರಿ ಒಡೆದು ಅರವತ್ತು ದಾಟಿದವರಿಗೆ ಮಂಡಿನೋವು, ಸೊಂಟನೋವು ಹೊಸದಲ್ಲ. ಅದಕ್ಕೆಂದು ಡೈಕ್ಲೋಫಿನಾಕ್‌ನಂಥ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಹರಿಯುವ ರಕ್ತ ತಗ್ಗಿ, ಉಪ್ಪು ನೀರು ಮೈಯಲ್ಲೇ ಉಳಿದು ಬಿ.ಪಿ. ಏರಬಹುದು. ಏರಿದ ಬಿ.ಪಿ.ಗೆ ಆಮ್ಲೋಡಿಪಿನ್ ಬರುತ್ತದೆ. ಅದು ಕೆಲವರ ಪಾದ ಊದಿಸುತ್ತದೆ. ಊತಕ್ಕೆ ನೀರಿನ ಮಾತ್ರೆ. ಆಮೇಲೆ ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕು, ಎದ್ದಾಗ ತಲೆ ಸುತ್ತುತ್ತದೆ, ಬಿದ್ದರೆ ಸೊಂಟದ ಮೂಳೆಗೇ ಅಪಾಯ. ಪೌಲಾ ರೋಚನ್ ಮತ್ತು ಜೆರ್ರಿ ಗುರ್ವಿಟ್ಜ್ ಎಂಬ ವೈದ್ಯರು ಇಂಥ ಸರಪಳಿಯನ್ನು 1990ರ ದಶಕದಲ್ಲೇ ವಿವರಿಸಿದ್ದರು. ಇದರಲ್ಲಿ ಒಂದೊಂದು ಚೀಟಿಯೂ ತನ್ನಷ್ಟಕ್ಕೆ ಸರಿಯೆಂದೇ ಕಾಣುತ್ತದೆ. ಎಲ್ಲ ಚೀಟಿಗಳನ್ನೂ ಒಟ್ಟಿಗಿಟ್ಟು ಓದುವವರಿಲ್ಲದಿರುವುದೇ ನಿಜವಾದ ದೋಷ.

ವಯಸ್ಸಾದಂತೆ ಮೂತ್ರಪಿಂಡದ ಸೋಸುವ ಶಕ್ತಿ ಕುಗ್ಗುತ್ತದೆ. ಮಾಂಸಖಂಡವೂ ಕರಗುವುದರಿಂದ ರಕ್ತದ ಕ್ರಿಯಾಟಿನಿನ್ ಮಾತ್ರ ಸರಿಯಿರುವಂತೆಯೇ ತೋರಬಹುದು. ಹೀಗಾಗಿ ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಒಂದು ಹೊತ್ತು ಮುದ್ದೆ ತಪ್ಪಿದರೂ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ನೆಗಡಿಯ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್ ಮುದುಕರಲ್ಲಿ ಮೂತ್ರ ಕಟ್ಟಿಸಬಹುದು, ಮಂಕು ತರಿಸಬಹುದು. ಆ ಮಂಕನ್ನು ಮನೆಯವರು ಅರಳು ಮರಳು ಎಂದುಕೊಂಡು ಸುಮ್ಮನಾಗುತ್ತಾರೆ. ಹಿರಿಯರಿಗೆ ಆದಷ್ಟು ಕೊಡಬಾರದ ಇಂಥ ಔಷಧಗಳ ಪಟ್ಟಿಯನ್ನು ಅಮೆರಿಕದ ಮಾರ್ಕ್ ಬಿಯರ್ಸ್ 1991ರಲ್ಲೇ ಮಾಡಿದರು. 2023ರಲ್ಲೂ ಅದು ಪರಿಷ್ಕರಣೆಗೊಂಡಿದೆ. ಮೈಸೂರಿನ ಸಂಶೋಧಕರು ಎರಡು ಬೋಧನಾ ಆಸ್ಪತ್ರೆಗಳಲ್ಲಿ ಇದೇ ಮಾನದಂಡ ಹಿಡಿದು ನೋಡಿ 2010ರಲ್ಲಿ ಪ್ರಕಟಿಸಿದಾಗ, ಸರಿಸುಮಾರು ನಾಲ್ವರು ಹಿರಿಯ ರೋಗಿಗಳಲ್ಲಿ ಒಬ್ಬರಿಗೆ ಇಂಥ ಔಷಧ ಸಿಕ್ಕಿತ್ತು. ಬೋಧನಾ ಆಸ್ಪತ್ರೆಯಲ್ಲೇ ಹೀಗಿದ್ದರೆ, ಚೀಟಿಯೇ ಇಲ್ಲದೆ ನೋವಿನ ಮಾತ್ರೆ ಸಿಗುವ ಸಂತೆಬೀದಿಯ ಬಗ್ಗೆ ಚಿಂತಿಸಲೇಬೇಕು.

ನೋವು ಸುಳ್ಳಲ್ಲವಲ್ಲ, ಮಾತ್ರೆ ಬಿಟ್ಟು ತೋಟಕ್ಕೆ ಹೋಗುವುದು ಹೇಗೆ ಎಂದು ಕೇಳುವವರ ಮಾತು ನ್ಯಾಯವಾದದ್ದೇ. ಹಚ್ಚುವ ಮುಲಾಮು, ಮಿತಿಯಲ್ಲಿ ಪ್ಯಾರಾಸಿಟಮಾಲ್, ತೊಡೆ ಬಲಪಡಿಸುವ ವ್ಯಾಯಾಮದಿಂದ ಶುರುಮಾಡಬಹುದು. ತಾಲ್ಲೂಕಿನಲ್ಲಿ ವೃದ್ಧರೋಗ ತಜ್ಞರೆಲ್ಲಿದ್ದಾರೆ ಎಂಬ ಆಕ್ಷೇಪಕ್ಕೆ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಉತ್ತರವಿದೆ. 2018ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ ಔಷಧ ಅಂಗಡಿಯ ಫಾರ್ಮಸಿಸ್ಟರು ರೋಗಿಗೆ ತಿಳಿವಳಿಕೆ ಪತ್ರ, ವೈದ್ಯರಿಗೆ ಸಲಹೆ ಕಳಿಸಿದ್ದಷ್ಟೇ. ಆರು ತಿಂಗಳಲ್ಲಿ ಶೇ 43ರಷ್ಟು ಜನ ಬೇಡದ ಮಾತ್ರೆ ನಿಲ್ಲಿಸಿದರು, ಇಂಥ ಪತ್ರ, ಸಲಹೆ ಹೋಗದ ಗುಂಪಿನಲ್ಲಿ ಶೇ 12. ಆದರೆ ನಿದ್ದೆಯ ಆಲ್‌ಪ್ರಜೋಲಾಮ್, ಹೃದಯದ ಅಟೆನೊಲಾಲ್‌ನಂಥವನ್ನು ತಾವಾಗಿಯೇ ಥಟ್ಟನೆ ಬಿಡುವುದು ಇನ್ನೂ ಅಪಾಯ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯ ಹಿರಿಯರ ಎಲ್ಲ ಮಾತ್ರೆ, ಚೂರ್ಣ, ಕಷಾಯಗಳನ್ನೂ ಒಂದೇ ಚೀಲದಲ್ಲಿ ಒಯ್ದು, ಇದರಲ್ಲಿ ಈಗಲೂ ಬೇಕಾದ್ದು ಯಾವುದು ಎಂದು ವೈದ್ಯರನ್ನು ಕೇಳಿ.